ಪುಣೆಯ ಮಗನ ಬಿಚ್ಚುಮಾತು

ಪುಣೆಯ ಕರ್ವೆ ರಸ್ತೆಯ ಹೆಸರು ಮಹರ್ಷಿ ಧೋಂಡೊ ಕೇಶವ ಕರ್ವೆ ಅವರದು. ವಿಧವೆಯರಿಗೆ ಆಸರೆ ಕಟ್ಟಿ, ಮುಂದೆ ಭಾರತರತ್ನ ಪಡೆದ ಆ ಹಿರಿಯರಿಗೆ ಊರು ಕೊಟ್ಟ ಗೌರವವನ್ನು ಅವರ ಹಿರಿಯ ಮಗ ರಘುನಾಥರಿಗೆ ಕೊಡಲಿಲ್ಲ. ಮಗ ಮಾತೆತ್ತಿದ್ದು ಮನುಷ್ಯನ ಜನನಾಂಗಗಳ ಬಗ್ಗೆ.

1891ರಲ್ಲಿ ತಾಯಿ ರಾಧಾಬಾಯಿ ಹೆರಿಗೆಯಲ್ಲಿ ತೀರಿಕೊಂಡಾಗ ರಘುನಾಥರಿಗೆ ಒಂಬತ್ತು ವರ್ಷ. ಪುಣೆಯ ನ್ಯೂ ಇಂಗ್ಲಿಷ್ ಸ್ಕೂಲಿನಲ್ಲಿ ಓದಿ 1899ರ ಮೆಟ್ರಿಕ್ ಪರೀಕ್ಷೆಯಲ್ಲಿ ಮೊದಲಿಗರಾದರು. ಫರ್ಗ್ಯುಸನ್ ಕಾಲೇಜಿನಲ್ಲಿ ಪದವಿ ಪಡೆದು ಮುಂಬೈಯಲ್ಲಿ ಗಣಿತದ ಮೇಷ್ಟರಾದರು. 1921ರಲ್ಲಿ ಅಲ್ಲೇ ದೇಶದ ಮೊದಲ ಸಂತಾನ ನಿಯಂತ್ರಣ ಕೇಂದ್ರ ತೆರೆದರು. ಲಂಡನ್ನಿನಲ್ಲಿ ಮೇರಿ ಸ್ಟೋಪ್ಸ್ ಎಂಬ ಮಹಿಳೆ ಇಂಥದೇ ಕ್ಲಿನಿಕ್ ಆರಂಭಿಸಿದ್ದೂ ಅದೇ ವರ್ಷ. ಈ ಕೆಲಸಕ್ಕಾಗಿ ರಘುನಾಥರು ಕಾಲೇಜಿನ ನೌಕರಿ ಬಿಡಬೇಕಾಯಿತು. ಪತ್ನಿ ಮಾಲತಿಬಾಯಿ ಜೊತೆಗೆ ನಿಂತರು.

1927ರ ಜುಲೈಯಲ್ಲಿ ರಘುನಾಥರ ‘ಸಮಾಜಸ್ವಾಸ್ಥ್ಯ’ ಎಂಬ ಮರಾಠಿ ಮಾಸಿಕ ಹೊರಬಂತು. ಮುಟ್ಟು, ಗರ್ಭಧಾರಣೆ, ಗುಪ್ತರೋಗ, ಹಸ್ತಮೈಥುನ, ಯಾವುದನ್ನೂ ಅವರು ಮುಚ್ಚಿಡಲಿಲ್ಲ. ಪತ್ರಿಕೆಯ ಜೀವಾಳ ಓದುಗರ ಪ್ರಶ್ನೋತ್ತರ. ವೈದ್ಯರ ಮುಂದೆಯೂ ಬಾಯಿ ಬಿಡಲಾರದ ಜನ ತಮ್ಮ ದೇಹದ ಅನುಮಾನಗಳನ್ನು ಅಲ್ಲಿಗೆ ಬರೆದು ಕಳಿಸುತ್ತಿದ್ದರು. ಅವರನ್ನು ಗದರದೆ, ಪಾಪದ ಭಯ ಹುಟ್ಟಿಸದೆ, ತಿಳಿದದ್ದನ್ನು ನೇರವಾಗಿ ಹೇಳುವುದು ಸಂಪಾದಕರ ರೀತಿ. ಆ ಕಾಲದಲ್ಲಿ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿರಲಾರದು.

ಪುಣೆಯ ಸಂಪ್ರದಾಯಸ್ಥರು ಸಹಿಸಲಿಲ್ಲ. 1931ರಲ್ಲಿ ವ್ಯಭಿಚಾರ ಕುರಿತ ಲೇಖನಕ್ಕಾಗಿ ಅಶ್ಲೀಲತೆಯ ಮೊಕದ್ದಮೆ ಹೂಡಿಸಿದರು. 100 ರೂಪಾಯಿ ದಂಡ ಬಿತ್ತು. 1934ರಲ್ಲಿ ಪ್ರಶ್ನೋತ್ತರಗಳೇ ಕಟಕಟೆ ಏರಿದವು. ಆಗ ಅವರ ಪರ ವಾದಿಸಿದವರು ಡಾ. ಬಿ.ಆರ್. ಅಂಬೇಡ್ಕರ್. ಜನ ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದೇ ಅಶ್ಲೀಲವಾದರೆ ಅಜ್ಞಾನ ತೊಲಗುವುದು ಹೇಗೆ ಎಂಬುದು ಆ ವಾದದ ತಿರುಳು. ನ್ಯಾಯಾಲಯ ಒಪ್ಪಲಿಲ್ಲ. ಮತ್ತೆ ದಂಡ, ಈ ಸಲ 200 ರೂಪಾಯಿ.

ಇತ್ತ ನಮ್ಮ ಮೈಸೂರು ಸಂಸ್ಥಾನ ಬೇರೆಯೇ ದಾರಿ ಹಿಡಿದಿತ್ತು. 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರ ತೆರೆಯಲು ಅದು ಆದೇಶಿಸಿತು. ಸರ್ಕಾರವೇ ನಡೆಸಿದ ಇಂಥ ಕೇಂದ್ರಗಳು ಜಗತ್ತಿನಲ್ಲೇ ಮೊದಲು ಎನ್ನುತ್ತಾರೆ. ಒಬ್ಬ ಮೇಷ್ಟರಿಗೆ ದಂಡ ತಂದ ವಿಷಯ ಇಲ್ಲಿ ದೊರೆತನದ ಕೆಲಸವಾಯಿತು.

ರಘುನಾಥರು 1953ರ ಅಕ್ಟೋಬರ್ 14ರಂದು ತೀರಿಕೊಂಡರು. ಪತ್ರಿಕೆಯೂ ಅವರೊಂದಿಗೇ ಮುಗಿಯಿತು. ಆದರೆ ಅಂಜಿಕೆ ಮುಗಿಯಲಿಲ್ಲ. 2007ರಲ್ಲಿ ಶಾಲೆಗಳ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ತಡೆದ ರಾಜ್ಯಗಳಲ್ಲಿ ಮಹಾರಾಷ್ಟ್ರವೂ ಇತ್ತು, ಕರ್ನಾಟಕವೂ ಇತ್ತು. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಪಾಠವಿದೆ. ಮೇಷ್ಟರುಗಳೇ, ಅದನ್ನು ಮನೆಯಲ್ಲಿ ಓದಿಕೊಳ್ಳಿ ಎಂದು ದಾಟಿಸಬೇಡಿ. ಮಕ್ಕಳ ಮುಂದೆ ನಿಂತು ಪೂರ್ತಿ ಪಾಠ ಮಾಡಿ.