ಅಜ್ಜಂಪುರದ ಒತ್ತಕ್ಷರ ಮತ್ತು ತರೀಕೆರೆಯ ಗೇಜು

ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಸಣ್ಣ ಪ್ರೆಸ್ಸುಗಳಲ್ಲಿ ಸೀಸದ ಮೊಳೆ ಹೋಗಿ ಕಂಪ್ಯೂಟರ್ ಬಂದ ಮೇಲೆ ಲಗ್ನಪತ್ರಿಕೆ ಕೆಲಸ ಹಗುರಾಯಿತು, ತಲೆನೋವು ಬೇರೆಯಾಯಿತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ ಬಂತು. ಹಿಂದೆಯೇ ಕನ್ನಡ ಗಣಕ ಪರಿಷತ್ತಿನ 'ನುಡಿ', ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯ ಜೊತೆ. ಎರಡೂ ವಿಂಡೋಸ್‌ಗಾಗಿ ಬಂದವು. ನಾನು ಅಂಥದ್ದೇ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪು ಮಾಡುತ್ತ ಪ್ರೋಗ್ರಾಮಿಂಗ್ ಕಲಿತವನು.

ಹಳೆಯ ನುಡಿ ಫೈಲನ್ನು ಆ ಫಾಂಟಿಲ್ಲದ ಗಣಕದಲ್ಲಿ ತೆರೆದರೆ 'ಕಡೂರು' ಕಾಣುವುದಿಲ್ಲ. ಪಿ, ಕ್ಯೂ, ಜಿ ಎಂಬ ಇಂಗ್ಲಿಷ್ ಅಕ್ಷರ, ನಡುನಡುವೆ ತಲೆಯ ಮೇಲೆ ಗೀಟೋ ಚುಕ್ಕೆಯೋ ಹೊತ್ತ ಎ. 1991ರ ಯೂನಿಕೋಡ್‌ನಲ್ಲೇ ಕನ್ನಡಕ್ಕೆ ಜಾಗವಿತ್ತು, ನಿಜ. ಆದರೆ ಸಂಕೇತ ಸಿಕ್ಕರೆ ಸಾಲದು, ಒತ್ತು ಕೆಳಗಿಳಿಯಬೇಕು. ಇಳಿಸುವ ತಂತ್ರಾಂಶವಿಲ್ಲದಿದ್ದರೆ ನಮ್ಮೂರು 'ಅಜ್‌ಜಂಪುರ' ಆಗುತ್ತದೆ. ವಿಂಡೋಸ್‌ನಲ್ಲಿ ಎಕ್ಸ್‌ಪಿ ಮತ್ತು ಅದರ ತುಂಗಾ ಫಾಂಟಿನಿಂದ ಆ ಕಷ್ಟ ಕಡಿಮೆಯಾಯಿತು. ಲಿನಕ್ಸ್‌ನಲ್ಲಿ ಅಕ್ಷರ ಬಿಡಿಸುವುದು ಫ್ರೀಟೈಪ್, ಒತ್ತು ಜೋಡಿಸುವುದು ಹಾರ್ಫ್‌ಬಜ್. ನಮ್ಮ ಜಿಲ್ಲೆಯ ಕಾಫಿ ತೋಟದಲ್ಲಿ ಕೂತು ಕನ್ನಡ ತಂತ್ರಾಂಶಕ್ಕಾಗಿ ಗದ್ದಲವೆಬ್ಬಿಸಿದ ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರನ್ನು ಕನ್ನಡ ಅಕ್ಷರದ ಈ ಕೆಲಸ ಮಾಡುವಾಗಲೆಲ್ಲ ನೆನೆಯುತ್ತೇನೆ.

ಫ್ರೀಟೈಪ್ ಬರೆದಿರುವುದು ಸಿ ಭಾಷೆಯಲ್ಲಿ. ಹಳೆಯ ಲಗ್ನಪತ್ರಿಕೆಗಳನ್ನು ಯೂನಿಕೋಡ್‌ಗೆ ತಂದು ಮುದ್ರಿಸುವ ನನ್ನ ಪ್ರೋಗ್ರಾಂ ರಸ್ಟ್‌ನಲ್ಲಿದೆ. 2015ರಲ್ಲಿ 1.0 ಆದ ಭಾಷೆ ಅದು. ಎರಡರ ನಡುವೆ ಬೈಂಡಿಂಗ್ ಬೇಕು, ಅಂದರೆ ಒಂದರ ಕರೆಯನ್ನು ಇನ್ನೊಂದಕ್ಕೆ ದಾಟಿಸುವ ಕೊಂಡಿ. ನಮ್ಮ ಕಡೆಯ ರೈಲಿನ ಹೋಲಿಕೆ ಕೊಡುತ್ತೇನೆ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹಿಂದೆ ಎರಡಡಿ ಅಗಲದ ಟ್ರಾಂ ಹಳಿ ಇತ್ತು, ಬೀರೂರು–ಶಿವಮೊಗ್ಗದ್ದು ಆಗ ಮೀಟರ್ ಗೇಜು. ಒಂದರ ವ್ಯಾಗನ್ ಇನ್ನೊಂದರ ಮೇಲೆ ಓಡುತ್ತಿರಲಿಲ್ಲ. ಸರಕನ್ನು ತರೀಕೆರೆಯಲ್ಲಿ ಇಳಿಸಿ ಹೇರಬೇಕಿತ್ತು. ಬೈಂಡಿಂಗ್ ಮಾಡುವುದೂ ಇಷ್ಟೇ. ಲೆಕ್ಕ ತಪ್ಪುವುದೂ ಅಲ್ಲೇ.

ಉದಾಹರಣೆಗೆ, ಫ್ರೀಟೈಪ್‌ನಲ್ಲಿ ಅಕ್ಷರಗಳ ಸಂಖ್ಯೆ, ಅಗಲ, ಸ್ಥಾನ ಎಲ್ಲ ಸಿಯ 'ಲಾಂಗ್' ಲೆಕ್ಕದಲ್ಲಿವೆ. 64 ಬಿಟ್‌ನ ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಲಾಂಗ್ ಅಂದರೆ 8 ಬೈಟ್, ವಿಂಡೋಸ್‌ನಲ್ಲಿ 4. ಲಿನಕ್ಸ್ ನೋಡಿ 'ಐ64' (ರಸ್ಟ್‌ನ 8 ಬೈಟ್ ಅಂಕಿ) ಎಂದು ಕೈಯಲ್ಲಿ ಬರೆದ ಬೈಂಡಿಂಗ್ ವಿಂಡೋಸ್‌ನಲ್ಲೂ ತಕರಾರಿಲ್ಲದೆ ಕಂಪೈಲ್ ಆಗುತ್ತದೆ; ಓಡುವಾಗ ಕಸದ ಅಂಕಿ ಓದುತ್ತದೆ. ಬರೆಯಬೇಕಾದ್ದು 'ಸಿ_ಲಾಂಗ್'. ಕಂಪೈಲರ್ ಬೈದರೆ ಪರವಾಗಿಲ್ಲ, ಸುಮ್ಮನಿದ್ದರೇ ಭಯ.

ಬಿಲ್ಡ್‌ನ ರಗಳೆ ಬೇರೆ. ಲಿನಕ್ಸ್‌ನಲ್ಲಿ ಪಿಕೆಜಿ-ಕಾನ್ಫಿಗ್ ಎಂಬ ಸಾಧನವನ್ನು ಕೇಳಿದರೆ ಲೈಬ್ರರಿ ಎಲ್ಲಿದೆ ಎಂದು ಹೇಳುತ್ತದೆ. ಕಡೂರಿನ ಅಂಗಡಿಯ ವಿಂಡೋಸ್‌ನಲ್ಲಿ ಅದೇ ಇರುವುದಿಲ್ಲ. ಸಿ ಹೆಡರ್ ಓದಿ ತಾನೇ ಬೈಂಡಿಂಗ್ ಬರೆಯುವ ಬೈಂಡ್‌ಜೆನ್‌ಗೆ ಲಿಬ್‌ಕ್ಲ್ಯಾಂಗ್ ಬೇಕು, ಅಂಗಡಿಯವರು ಅದನ್ನೆಲ್ಲಿ ಹುಡುಕಬೇಕು? ನನ್ನ ಮಟ್ಟಿಗೆ ದಾರಿ ಒಂದೇ: ಫ್ರೀಟೈಪ್‌ನ ಸಿ ಮೂಲವನ್ನು ಜೊತೆಗೇ ಕಟ್ಟಿಕೊಂಡು ಹೋಗಿ, 'ಬಿಲ್ಡ್.ಆರ್‌ಎಸ್' ಫೈಲಿನಿಂದ ಸಿಸಿ ಎಂಬ ಕ್ರೇಟ್ (ರಸ್ಟ್‌ನ ಪ್ಯಾಕೇಜು) ಕರೆದು ಅಲ್ಲಲ್ಲೇ ಕಂಪೈಲ್ ಮಾಡುವುದು. ಗಂಟು ದೊಡ್ಡದಾಗುತ್ತದೆ, ಭದ್ರತೆಯ ತಿದ್ದುಪಡಿ ಬಂದಾಗ ನಾವೇ ಹಾಕಬೇಕು. ಆದರೂ ಯಾರ ಗಣಕದಲ್ಲಿ ಏನಿದೆ ಎಂಬ ಹಂಗಿಲ್ಲ. ಒತ್ತು ಜೋಡಿಸಲು ಈಗ ಪೂರ್ತಿ ರಸ್ಟ್‌ನಲ್ಲೇ ಬರೆದ ರಸ್ಟಿಬಜ್ ಕೂಡ ಇದೆ.

ಅಂಗಡಿಯವರಲ್ಲಿ ಒಂದು ಕೋರಿಕೆ: ಹಳೆಯ ನುಡಿ ಫೈಲುಗಳನ್ನು ಅಳಿಸಬೇಡಿ, ಅವುಗಳ ಜೊತೆ ಆ ಫಾಂಟಿನ ಒಂದು ಪ್ರತಿಯನ್ನೂ ಇಟ್ಟಿರಿ.