ಹಿಂಬದಿ ಬ್ರೇಕ್ ವೈಫಲ್ಯ (ಹಳೆಯ ಕಾರುಗಳಲ್ಲಿ)
ಹಳೆಯ ಕಾರುಗಳ ಹಿಂಚಕ್ರಗಳಿಗೆ ಸಾಮಾನ್ಯವಾಗಿ ಡ್ರಮ್ ಬ್ರೇಕ್ ಇರುತ್ತದೆ. ಕಾರು ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಮುಂಚಕ್ರಗಳದಾದ್ದರಿಂದ ಹಿಂದಿನ ದೋಷ ಬೇಗ ಗೊತ್ತಾಗುವುದಿಲ್ಲ. ಆಳಕ್ಕೆ ಇಳಿಯುವ ಪೆಡಲ್ ಎರಡು ಮೂರು ಬಾರಿ ಒತ್ತಿದಾಗ ಮೇಲೇರಿದರೆ ಶೂ ಮತ್ತು ಡ್ರಮ್ ನಡುವಿನ ಅಂತರ ಹೆಚ್ಚಿರಬಹುದು; ಒತ್ತಿ ಹಿಡಿದಾಗ ಮೆಲ್ಲನೆ ಕುಸಿದರೆ ಸೋರಿಕೆಯನ್ನೋ ಮಾಸ್ಟರ್ ಸಿಲಿಂಡರಿನ ಸವೆದ ಸೀಲನ್ನೋ ಶಂಕಿಸಬೇಕು. ಚಕ್ರದ ಒಳಬದಿ ಒದ್ದೆಯಾಗಿದ್ದರೆ ವ್ಹೀಲ್ ಸಿಲಿಂಡರ್ ಸೋರುತ್ತಿರಬಹುದು. ಅಂಬಾಸಿಡರ್‌ನಂಥ ಹಿಂಚಕ್ರ ಚಾಲನೆಯ ಕಾರುಗಳಲ್ಲಿ ಆಕ್ಸಲ್ ಸೀಲಿನಿಂದ ಗೇರ್ ಆಯಿಲ್ ಕೂಡ ಅಲ್ಲಿಗೆ ಬರುತ್ತದೆ; ಅದು ದಪ್ಪ, ವಾಸನೆಯೂ ಕಟು. ಕೈಬ್ರೇಕ್ ಕೇಬಲ್ಲಿನ ಮೂಲಕ ಅದೇ ಶೂಗಳನ್ನು ಒತ್ತುವುದರಿಂದ, ಕೈಬ್ರೇಕ್ ಹಿಡಿದೂ ಕಾಲುಬ್ರೇಕ್ ಹಿಂದೆ ಹಿಡಿಯದಿದ್ದರೆ ದೋಷ ಹೈಡ್ರಾಲಿಕ್ ಭಾಗದ್ದು: ಒಳಗೆ ಊದಿದ ರಬ್ಬರ್ ಹೋಸ್, ಇಲ್ಲವೇ ತುಕ್ಕು ಹಿಡಿದ ಪಿಸ್ಟನ್. ಎಣ್ಣೆ ಹೀರಿದ ಶೂಗಳನ್ನು ತೊಳೆದು ಮರುಬಳಸುವ ರೂಢಿ ತಪ್ಪು. ಎರಡೂ ಬದಿಯವನ್ನು ಒಟ್ಟಿಗೇ ಬದಲಿಸಬೇಕು.