ಚಲನೆಯ ರೇಖೆ: ಕೆ.ಕೆ. ಹೆಬ್ಬಾರರ ಕಲೆಯಲ್ಲಿ ಊರು ಮತ್ತು ಮಹಾನಗರ

ಆಧುನಿಕ ಭಾರತೀಯ ಚಿತ್ರಕಲೆಯ ಚರಿತ್ರೆಯಲ್ಲಿ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರ (1911–1996) ಹೆಸರು ಲಯಬದ್ಧ ರೇಖೆಯೊಂದಿಗೆ ಬೆಸೆದುಕೊಂಡಿದೆ. ನರ್ತಕರ, ವಾದಕರ ರೇಖಾಚಿತ್ರಗಳು ಪಡೆದ ಜನಪ್ರಿಯತೆಯಿಂದಾಗಿ ಅವರನ್ನು ಲಾಲಿತ್ಯದ ಕಲಾವಿದರೆಂದಷ್ಟೇ ಗುರುತಿಸುವ ರೂಢಿಯೂ ಬೆಳೆದಿದೆ. ಆದರೆ ಅವರ ವೃತ್ತಿಜೀವನದ ಬಹುಭಾಗ ಕಳೆದುದು ಮುಂಬಯಿಯಲ್ಲಿ. ಆ ಮಹಾನಗರದ ಬದುಕನ್ನು ಅವರ ರೇಖೆ ಹೇಗೆ ಗ್ರಹಿಸಿತು ಎಂಬುದನ್ನು ಬದಿಗಿರಿಸಿದರೆ ಅವರ ಕಲೆಯ ಮೌಲ್ಯಮಾಪನ ಅಪೂರ್ಣವಾಗುತ್ತದೆ.

ಕಟಪಾಡಿ, ಮಟ್ಟುಗಳ ಕಡಲತಡಿಯಿಂದ ಒಳನಾಡಿಗೆ ಸರಿದಿರುವ ಕಟ್ಟಿಂಗೇರಿ ಅವರ ಹುಟ್ಟೂರು. ತಂದೆ ಗಣಪತಿಯ ಮಣ್ಣಿನ ಮೂರ್ತಿಗಳನ್ನು ಮಾಡುತ್ತಿದ್ದರು. ಯಕ್ಷಗಾನ, ಭೂತಕೋಲ, ಕೋಳಿಅಂಕಗಳ ಆ ಪರಿಸರದಲ್ಲಿ ದೇಹವೆಂಬುದು ನಿಶ್ಚಲ ಆಕೃತಿಯಲ್ಲ; ಹೆಜ್ಜೆ-ತಾಳಗಳೊಡನೆ ರೂಪ ಬದಲಿಸುವ ಚೈತನ್ಯ.

ಮುಂಬಯಿಯ ಸರ್ ಜೆ.ಜೆ. ಕಲಾಶಾಲೆಯಲ್ಲಿ 1938ರಲ್ಲಿ ಡಿಪ್ಲೊಮಾ ಪಡೆದ ಹೆಬ್ಬಾರರು ಮುಂದೆ ಅಲ್ಲಿಯೇ ಅಧ್ಯಾಪಕರಾದರು. ಅಲ್ಲಿನ ಶಿಕ್ಷಣಕ್ರಮವು ವಾಸ್ತವವಾದಿ ರೂಪಣಕ್ಕೆ ಒತ್ತು ನೀಡುತ್ತಿತ್ತು. 1949–50ರಲ್ಲಿ ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್‌ನಲ್ಲಿ ಅಭ್ಯಾಸ ಮಾಡಿದರೂ ಅವರ ಮೂಲ ಸಮಸ್ಯೆಗೆ ಉತ್ತರ ದೊರೆತುದು ಬೇರೆಡೆ. ಲಯವನ್ನು ಹೊರಗಿನಿಂದ ನೋಡಿದರೆ ಸಾಲದೆಂದು ಅವರು ಪಂಡಿತ್ ಸುಂದರ್ ಪ್ರಸಾದರಲ್ಲಿ ಕಥಕ್ ಕಲಿತರು. ಈ ಅನ್ವೇಷಣೆಯ ಫಲವೇ ‘ದಿ ಸಿಂಗಿಂಗ್ ಲೈನ್’ ಎಂಬ ರೇಖಾಚಿತ್ರ ಸಂಕಲನ (1964).

ಈ ಕಲಿಕೆ ನೃತ್ಯಚಿತ್ರಗಳಿಗಷ್ಟೇ ಸೀಮಿತವಾಗಲಿಲ್ಲವೆಂಬುದು ಗಮನಾರ್ಹ. ನೆಳಲು-ಬೆಳಕಿನ ವಿವರಗಳನ್ನು ಬಿಟ್ಟು ಕೆಲವೇ ಗೆರೆಗಳಲ್ಲಿ ದೇಹದ ಭಾರ, ಬಾಗು, ಸಮತೋಲಗಳನ್ನು ಹಿಡಿಯುವ ವಿಧಾನವು ದುಡಿಯುವ ಜನರ ಚಿತ್ರಣಕ್ಕೂ ಒದಗಿತು. ನರ್ತಕಿಯ ಬಾಗಿದ ಬೆನ್ನಿನಲ್ಲಿ ಉಲ್ಲಾಸವಿದ್ದರೆ, ಹೊರೆ ಹೊತ್ತವರ ಬೆನ್ನಿನಲ್ಲಿ ದಣಿವಿದೆ. ಇವೆರಡರ ಅಂತರವನ್ನು ರೇಖೆಯ ಒತ್ತು ಮತ್ತು ವೇಗಗಳೇ ಸೂಚಿಸಬೇಕು. ನಗರದ ಚಲನೆಯನ್ನು ಹೆಬ್ಬಾರರು ವಾಹನಗಳ ರಭಸದಲ್ಲಿ ಹುಡುಕದೆ ಮನುಷ್ಯದೇಹದಲ್ಲಿ ಕಂಡರು. 1952ರ ‘ಹಂಗ್ರಿ ಸೋಲ್’ ಎಂಬ ಕೃತಿಯ ಶೀರ್ಷಿಕೆಯೇ ಈ ಕಾಳಜಿಯನ್ನು ಸಾರುತ್ತದೆ.

ಉತ್ತರಾರ್ಧದ ವರ್ಣಚಿತ್ರಗಳಲ್ಲಿ ರೇಖೆ ಹಿನ್ನೆಲೆಗೆ ಸರಿದು ಚಂದ್ರ, ನೀರು, ಬೆಳಕುಗಳು ಪ್ರಧಾನವಾಗುತ್ತವೆ. ಚಲನೆಯು ಇಲ್ಲಿ ಮಾಯವಾಗಿಲ್ಲ. ಅಂಗಾಂಗಗಳಿಂದ ಪ್ರತಿಫಲನಕ್ಕೆ ವರ್ಗಾವಣೆಗೊಂಡಿದೆ.

1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಪುರಸ್ಕಾರಗಳು ಹೆಬ್ಬಾರರಿಗೆ ಸಂದವು. ಬೆಂಗಳೂರಿನ ವೆಂಕಟಪ್ಪ ಕಲಾ ಗ್ಯಾಲರಿಗೆ ಸೇರಿದ ಅವರ ಕೃತಿಗಳು ನಾಡಿನ ಅಧ್ಯಯನಕಾರರಿಗೆ ಮುಖ್ಯ ಆಕರಗಳಾಗಿವೆ. ತುಳುನಾಡಿನ ಹೆಜ್ಜೆ ಹಾಗೂ ಮಹಾನಗರದ ದಣಿವು ಒಂದೇ ರೇಖೆಯಲ್ಲಿ ಸಂಧಿಸಿದುದನ್ನು ಗುರುತಿಸಿದಾಗ, ಲಾಲಿತ್ಯವೆಂದು ಕರೆಯಲಾದುದು ವಾಸ್ತವವಾಗಿ ಸಹಾನುಭೂತಿಯ ಶಿಸ್ತಾಗಿತ್ತೆಂಬುದು ಸ್ಪಷ್ಟವಾಗುತ್ತದೆ.